ಕುಂಟುವ ಮಗುವನ್ನು ಮೊದಲು ಕಾಣುವವರಿಗೆ

ಕರ್ನಾಟಕದ ಶಾಲೆಗಳ ಎಲ್ಲ ದೈಹಿಕ ಶಿಕ್ಷಣ ಶಿಕ್ಷಕ, ಶಿಕ್ಷಕಿಯರಿಗೆ,



ಮಕ್ಕಳಿಗೂ ಸಂಧಿವಾತ ಬರುತ್ತದೆ ಎಂದರೆ ನಮ್ಮ ಕಡೆ ನಂಬುವವರು ಈಗಲೂ ಕಡಿಮೆ. "ಈ ವಯಸ್ಸಿಗೇನಮ್ಮ ಸಂಧಿವಾತ, ಅದು ನಮ್ಮಂಥ ಮುದುಕರಿಗೆ ಬರೋದು" ಎಂದು ಮೊಮ್ಮಗುವಿನ ಜೊತೆ ಬಂದ ಅಜ್ಜಿಯರು ನನಗೇ ಬುದ್ಧಿ ಹೇಳುತ್ತಾರೆ. ನಾನು ಜಿಲ್ಲಾ ಕೇಂದ್ರವೊಂದರಲ್ಲಿ ಫಿಸಿಯೋಥೆರಪಿಸ್ಟ್. ಈ ಮಕ್ಕಳು ನನ್ನ ಬಳಿ ಬರುವ ಹೊತ್ತಿಗೆ ಮಂಡಿ ಪೂರ್ತಿ ನೇರವಾಗುವುದು ನಿಂತಿರುತ್ತದೆ, ತೊಡೆ ಸಣಕಲಾಗಿರುತ್ತದೆ, ಅಪ್ಪ ಅಮ್ಮ ನಾಲ್ಕಾರು ಆಸ್ಪತ್ರೆ ಸುತ್ತಿ ಕೈ ಬರಿದು ಮಾಡಿಕೊಂಡಿರುತ್ತಾರೆ. ನನಗಿಂತ ಎಷ್ಟೋ ತಿಂಗಳು ಮೊದಲು ಆ ಮಗು ಓಡುವುದನ್ನು, ಕೂರುವುದನ್ನು, ಏಳುವುದನ್ನು ದಿನಾ ಕಂಡವರು ನೀವು. ಹಾಗಾಗಿ ಈ ಪತ್ರವನ್ನು ಡಾಕ್ಟರುಗಳಿಗೆ ಬರೆಯದೆ ನಿಮಗೆ ಬರೆಯುತ್ತಿದ್ದೇನೆ.

ಎಷ್ಟು ಮಕ್ಕಳಿಗಿದೆ ಇದು? ಸಾಮಾನ್ಯವಾಗಿ ಸಿಗುವ ಉತ್ತರ, ಹೆಚ್ಚುಕಡಿಮೆ ಸಾವಿರಕ್ಕೆ ಒಬ್ಬರಿಗೆ ಎಂದು. ಆದರೆ ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಈ ಅಂಕಿ ಲಕ್ಷಕ್ಕೆ 16ರಿಂದ 150ರವರೆಗೆ ಓಡಾಡುತ್ತದೆ. ಒಂದೇ ಕಾಯಿಲೆಗೆ ಹತ್ತಿರ ಹತ್ತಿರ ಹತ್ತು ಪಟ್ಟು ವ್ಯತ್ಯಾಸ. ವಂಶದ, ಪರಿಸರದ ಪಾಲು ಇದರಲ್ಲಿ ಇದ್ದೇ ಇದೆ. ಅದಕ್ಕಿಂತ ದೊಡ್ಡ ಪಾಲು, ನನ್ನ ಲೆಕ್ಕದಲ್ಲಿ, ಎಣಿಸಿದವರು ಎಲ್ಲಿ ಕೂತು ಎಣಿಸಿದರು ಎಂಬುದರದ್ದು. ಆಸ್ಪತ್ರೆಯ ರಿಜಿಸ್ಟರ್ ತೆರೆದು ಎಣಿಸಿದರೆ ಆಸ್ಪತ್ರೆಗೆ ಬಂದವರಷ್ಟೇ ಸಿಗುತ್ತಾರೆ. ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ಹಾಗೆ ಮಾಡಲಿಲ್ಲ. 12 ವರ್ಷದ ಎರಡು ಸಾವಿರಕ್ಕೂ ಹೆಚ್ಚು ಶಾಲಾಮಕ್ಕಳ ಕೀಲುಗಳನ್ನು ನೇರವಾಗಿ ಮುಟ್ಟಿ ಪರೀಕ್ಷಿಸಿದರು. 1996ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಸಿಕ್ಕಿದ್ದು ಸಾವಿರಕ್ಕೆ ನಾಲ್ಕು. ಅವರಲ್ಲಿ ಹೆಚ್ಚಿನ ಮಕ್ಕಳ ಕಾಯಿಲೆ ಅಲ್ಲಿಯವರೆಗೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ನಮ್ಮ ರಾಜ್ಯದ ಶಾಲೆಗಳಲ್ಲಿ ಒಂದು ಕೋಟಿಗೂ ಹೆಚ್ಚು ಮಕ್ಕಳಿದ್ದಾರೆ. ಸಾವಿರಕ್ಕೊಂದು ಎಂದು ಹಿಡಿದರೆ ಹತ್ತು ಸಾವಿರ. ನಿಮಗದು ಹೆಚ್ಚೆನಿಸಿದರೆ ಅರ್ಧ ಮಾಡಿ, ಐದು ಸಾವಿರ. ಇಷ್ಟು ಮಕ್ಕಳು ಎಲ್ಲಿದ್ದಾರೆ ಎಂದರೆ, ಬೆಳಿಗ್ಗೆ ಪ್ರಾರ್ಥನೆಗೆ ನೀವು ನಿಲ್ಲಿಸುವ ಸಾಲುಗಳಲ್ಲೇ ಇದ್ದಾರೆ.

ಇದು ಹೊಸ ಕಾಯಿಲೆಯೂ ಅಲ್ಲ, ಜಂಕ್ ಫುಡ್ ತಿಂದು ಬಂದದ್ದೂ ಅಲ್ಲ. ಲಂಡನ್ನಿನ ಮಕ್ಕಳ ಆಸ್ಪತ್ರೆಯಲ್ಲಿದ್ದ ಜಾರ್ಜ್ ಫ್ರೆಡರಿಕ್ ಸ್ಟಿಲ್ ಎಂಬ ವೈದ್ಯ 22 ಮಕ್ಕಳ ವಿವರ ಇಟ್ಟುಕೊಂಡು ಇದರ ಬಗ್ಗೆ ಬರೆದದ್ದು 1897ರಲ್ಲಿ. ದೊಡ್ಡವರ ಸಂಧಿವಾತವೇ ಮಕ್ಕಳಲ್ಲೂ ಬರುತ್ತದೆ ಎನ್ನಲಾಗದು, ಇದರ ಬಗೆ ಬೇರೆ ಎಂದು ಆತ ಆಗಲೇ ಗುರುತಿಸಿದ್ದ. ಈಗ ವೈದ್ಯರು ಇದನ್ನು ಜುವೆನೈಲ್ ಇಡಿಯೋಪಥಿಕ್ ಆರ್ಥ್ರೈಟಿಸ್ ಎನ್ನುತ್ತಾರೆ. ಹದಿನಾರು ತುಂಬುವ ಮೊದಲು ಶುರುವಾಗಿ, ಕನಿಷ್ಠ ಆರು ವಾರ ಕೀಲು ಊದಿಕೊಂಡಿದ್ದು, ಸೋಂಕು, ಗಾಯ ಮುಂತಾದ ಬೇರೆ ಕಾರಣ ಸಿಗದಿದ್ದರೆ ಆ ಹೆಸರು. ಮೈಯನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆ ದಾರಿ ತಪ್ಪಿ ಕೀಲಿನ ಒಳಪೊರೆಯ ಮೇಲೇ ತಿರುಗಿಬೀಳುತ್ತದೆ. ಪೊರೆ ದಪ್ಪಗಾಗಿ ನೀರು ತುಂಬುತ್ತದೆ. ಬಿಟ್ಟರೆ ಮೃದ್ವಸ್ಥಿಯನ್ನು, ಆಮೇಲೆ ಮೂಳೆಯನ್ನು ಕೊರೆಯುತ್ತದೆ. ಒಂದೆರಡು ಕೀಲಿಗೆ ಸೀಮಿತವಾದದ್ದು, ಕೈಕಾಲಿನ ಹಲವು ಕೀಲು ಹಿಡಿಯುವಂಥದ್ದು, ದಿನಾ ಏರಿಳಿಯುವ ಜ್ವರ ಮತ್ತು ದದ್ದಿನ ಜೊತೆ ಬರುವಂಥದ್ದು ಎಂದು ಇದರಲ್ಲಿ ಪಂಗಡಗಳಿವೆ. ಅವನ್ನೆಲ್ಲ ನೀವು ನೆನಪಿಡಬೇಕಾಗಿಲ್ಲ.

ನೆನಪಿಡಬೇಕಾದದ್ದು ಬೆಳಗಿನ ಹೊತ್ತನ್ನು. ಈ ಮಕ್ಕಳ ಕೀಲು ರಾತ್ರಿಯೆಲ್ಲ ಅಲುಗಾಡದೆ ಮಲಗಿ ಬೆಳಿಗ್ಗೆ ಬಿಗಿದುಕೊಂಡಿರುತ್ತದೆ. ಹಾಸಿಗೆಯಿಂದ ಎದ್ದು ಬಚ್ಚಲಿಗೆ ಹೋಗುವಾಗ ಕುಂಟು, ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುವುದು, ಶಾಲೆಗೆ ತಡ. ಓಡಾಡುತ್ತಾ ಓಡಾಡುತ್ತಾ ಬಿಗಿ ಸಡಿಲವಾಗುತ್ತದೆ. ಮಧ್ಯಾಹ್ನದ ಆಟದ ಪೀರಿಯಡ್ಡಿಗೆ ಅದೇ ಮಗು ಎಲ್ಲರ ಜೊತೆ ಓಡುತ್ತಿರುತ್ತದೆ. ನಮ್ಮ ದೊಡ್ಡವರ ಕಣ್ಣಿಗೆ ಇದು ಹೇಗೆ ಕಾಣುತ್ತದೆ ಹೇಳಿ? ಬೆಳಿಗ್ಗೆ ಡ್ರಿಲ್ಲಿಗೆ ಕಾಲುನೋವು, ಮಧ್ಯಾಹ್ನ ಆಟಕ್ಕೆ ಎಲ್ಲಾ ಸರಿ. "ನಾಟಕ ಆಡ್ತಾಳೆ ಸಾರ್" ಎಂದು ತರಗತಿಯ ಶಿಕ್ಷಕರು ನಿಮ್ಮ ಬಳಿ ಕಳಿಸುತ್ತಾರೆ. ಒಂದೆರಡು ಕಡೆ ಇದಕ್ಕೆ ಬಸ್ಕಿಯ ಶಿಕ್ಷೆಯೂ ಆಗಿದೆ. ಶಿಕ್ಷಣ ಹಕ್ಕು ಕಾಯ್ದೆ ಬಂದ ಮೇಲೆ ಮಕ್ಕಳಿಗೆ ಅಂಥ ಶಿಕ್ಷೆ ಕೊಡುವಂತಿಲ್ಲ ಎಂಬುದು ಒಂದು ಕಡೆ ಇರಲಿ, ಊದಿದ ಮಂಡಿಗೆ ಬಸ್ಕಿ ಹೊಡೆಸಿದರೆ ಏನಾಗುತ್ತದೆ ಎಂದು ನಿಮಗೆ ನಾನು ವಿವರಿಸಬೇಕಾಗಿಲ್ಲ. ಬೆಳಿಗ್ಗೆ ಕೆಟ್ಟು ಹೊತ್ತು ಏರಿದಂತೆ ಸುಧಾರಿಸುವುದು ಈ ಕಾಯಿಲೆಯ ಗುರುತು. ನಾಟಕ ಆಡುವ ಮಗುವಾದರೆ ಆಟದ ಹೊತ್ತಿಗೆ ಒಂದು ದಿನ, ಗಣಿತದ ಹೊತ್ತಿಗೆ ಇನ್ನೊಂದು ದಿನ ನೋವು ತರಿಸಿಕೊಳ್ಳುತ್ತದೆ. ವಾರಗಟ್ಟಲೆ ಬೆಳಿಗ್ಗೆಯೇ ಬರುವ ನೋವಿಗೆ ಅಷ್ಟು ಶಿಸ್ತಿನ ನಟನೆ ಯಾವ ಮಗುವಿಗೂ ಬರುವುದಿಲ್ಲ.

ಇನ್ನೊಂದು ತೊಡಕು ಇದೆ. ಚಿಕ್ಕ ಮಕ್ಕಳು ನೋವು ಎಂದು ಹೇಳುವುದೇ ಇಲ್ಲ. ಹೇಳುವ ಬದಲು ಕೆಲಸ ಬಿಡುತ್ತಾರೆ. ಬಿಸಿಯೂಟಕ್ಕೆ ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದವನು ಒಂದು ಕಾಲು ಚಾಚಿ ಕೂರತೊಡಗುತ್ತಾನೆ. ಶಾಲೆಯ ಶೌಚಾಲಯದಲ್ಲಿ ಕುಕ್ಕರಗಾಲಲ್ಲಿ ಕೂರಲಾಗದೆ ಸಂಜೆಯವರೆಗೆ ತಡೆದುಕೊಳ್ಳುವ ಹುಡುಗಿಯರನ್ನು ನಾನು ಕಂಡಿದ್ದೇನೆ. ನೀರಿನ ಬಾಟಲಿಯ ಮುಚ್ಚಳ ತೆಗೆಯಲು ಗೆಳತಿಗೆ ಕೊಡುವುದು, ನಲ್ಲಿ ತಿರುಗಿಸಲು ಎರಡೂ ಕೈ ಹಾಕುವುದು, ಅಕ್ಷರ ಇದ್ದಕ್ಕಿದ್ದಂತೆ ಕೆಡುವುದು ಇವು ಮಣಿಕಟ್ಟು ಮತ್ತು ಬೆರಳುಗಳ ಕಥೆ. ಮನೆಯಲ್ಲಿ ಅಮ್ಮ ಎತ್ತಿಕೊಳ್ಳುತ್ತಾಳೆ, ಸ್ನಾನ ಮಾಡಿಸುತ್ತಾಳೆ, ಗುಂಡಿ ಹಾಕುತ್ತಾಳೆ. ಮಗುವಿಗೆ ಏನು ಮಾಡಲು ಆಗುತ್ತಿಲ್ಲ ಎಂಬುದು ಅಲ್ಲಿ ಮುಚ್ಚಿಹೋಗುತ್ತದೆ. ನಲವತ್ತು ಮಕ್ಕಳನ್ನು ಒಂದೇ ಸಲ ಒಂದೇ ಕೆಲಸಕ್ಕೆ ಹಚ್ಚಿ ನೋಡುವ ಅವಕಾಶ ಇರುವುದು ನಿಮಗೊಬ್ಬರಿಗೇ.

ಒಂದು ಉದಾಹರಣೆ ಹೇಳುತ್ತೇನೆ. ಏಳನೇ ತರಗತಿಯ ಹುಡುಗಿ, ಶಾಲೆಯ ಖೊಖೊ ತಂಡದಲ್ಲಿದ್ದವಳು. ಹೋಬಳಿ ಮಟ್ಟದ ಕ್ರೀಡಾಕೂಟಕ್ಕೆ ತಯಾರಿ ನಡೆದಿತ್ತು. ಸಾಲಿನಲ್ಲಿ ಕುಕ್ಕರಗಾಲಲ್ಲಿ ಕೂತವಳಿಗೆ ಬೆನ್ನ ಮೇಲೆ ಖೋ ಬಿದ್ದರೂ ಚಿಮ್ಮಿ ಏಳಲು ಆಗುತ್ತಿರಲಿಲ್ಲ. ಬಲಗೈ ನೆಲಕ್ಕೆ ಊರಿ, ಎಡಗಾಲನ್ನು ಪಕ್ಕಕ್ಕೆ ಸರಿಸಿ, ಆಮೇಲೆ ಏಳುತ್ತಿದ್ದಳು. ಒಂದು ಗಳಿಗೆಯ ತಡ, ಆದರೆ ಖೊಖೊದಲ್ಲಿ ಅಷ್ಟು ಸಾಕಲ್ಲ. ತಂಡದವರು ಬೈಯತೊಡಗಿದರು. ಅವಳ ಮೇಷ್ಟ್ರು ಮಾತ್ರ ತಂಡದಿಂದ ಕೈಬಿಡುವ ಮೊದಲು ತಾಯಿಯನ್ನು ಕರೆಸಿ, "ಅಮ್ಮ, ಇವಳು ಸೋಮಾರಿ ಹುಡುಗಿ ಅಲ್ಲ. ಎರಡು ತಿಂಗಳಿಂದ ನೋಡ್ತಿದೀನಿ, ಬೆಳಿಗ್ಗೆ ಒಂಥರಾ, ಮಧ್ಯಾಹ್ನ ಒಂಥರಾ. ಒಂದ್ಸಲ ದೊಡ್ಡಾಸ್ಪತ್ರೆಗೆ ತೋರಿಸಿಬಿಡಿ" ಎಂದರಂತೆ.

ಅವಳು ನನ್ನ ಬಳಿ ಬಂದಾಗ ಎರಡೂ ಮಂಡಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. ಆರೋಗ್ಯವಾಗಿರುವ ಮಂಡಿಯಲ್ಲಿ ಚಿಪ್ಪಿನ ಒಳಬದಿಗೆ ಒಂದು ಸಣ್ಣ ತಗ್ಗು ಕಾಣುತ್ತದೆ. ಎಡಮಂಡಿಯಲ್ಲಿ ಆ ತಗ್ಗು ತುಂಬಿಹೋಗಿತ್ತು. ಕೆಂಪಾಗಿರಲಿಲ್ಲ. ಆದರೆ ಹಿಂಗೈ ತಾಗಿಸಿದರೆ ಬಲಮಂಡಿಗಿಂತ ಬೆಚ್ಚಗಿತ್ತು. ಎಡತೊಡೆಗೆ ಟೇಪು ಸುತ್ತಿದರೆ ಬಲತೊಡೆಗಿಂತ ತೆಳು. "ನೋಯುತ್ತಾ?" ಎಂದರೆ "ಇಲ್ಲ ಮೇಡಂ, ಬಿಗಿ ಅಷ್ಟೇ" ಎಂದಳು. ಆಮೇಲೆ ತಜ್ಞರನ್ನು ಕಂಡು, ಮಂಡಿಯೊಳಗೆ ಸ್ಟೀರಾಯ್ಡ್ ಇಂಜೆಕ್ಷನ್ ಆಗಿ, ನನ್ನ ಬಳಿ ಕೆಲವು ತಿಂಗಳು ತೊಡೆಯ ವ್ಯಾಯಾಮ ನಡೆಯಿತು. ಆ ಮೇಷ್ಟ್ರು ಸಂಧಿವಾತದ ಬಗ್ಗೆ ಏನೂ ಓದಿದವರಲ್ಲ. ಅವರು ನೋಡಿದ್ದು ಆಟವನ್ನು.

ಹುಡುಗರ ವಿಷಯ ಪ್ರತ್ಯೇಕವಾಗಿ ಹೇಳಬೇಕು. ಯೂರೋಪಿನ ಪುಸ್ತಕಗಳಲ್ಲಿ ಈ ಕಾಯಿಲೆ ಎಂದರೆ ಮೊದಲು ಬರುವುದು ಎರಡು ಮೂರು ವರ್ಷದ ಪುಟ್ಟ ಹುಡುಗಿಯ ಊದಿದ ಮಂಡಿ. ನಮ್ಮ ದೇಶದ ಆಸ್ಪತ್ರೆಗಳಲ್ಲಿ ಇನ್ನೊಂದು ಬಗೆ ಬಹಳ ಕಾಣುತ್ತದೆ. ಹತ್ತು ದಾಟಿದ ಹುಡುಗರಿಗೆ, ಸ್ನಾಯುರಜ್ಜು ಮೂಳೆಗೆ ಅಂಟುವ ಜಾಗದಲ್ಲಿ ಉರಿಯೂತ. ಹಿಮ್ಮಡಿ ನೋವು, ಮಂಡಿಯ ಚಿಪ್ಪಿನ ಕೆಳಗೆ ನೋವು, ಸೊಂಟದ ಕೀಲಿನ ನೋವು, ಕೆಲವರಿಗೆ ಪೃಷ್ಠದ ಆಳದಲ್ಲಿ ನೋವು. ಹೈಸ್ಕೂಲು ಹುಡುಗ, ಕಬಡ್ಡಿ ಆಡುವವನು, ಹಿಮ್ಮಡಿ ನೋವು ಎಂದರೆ ನೀವಾದರೂ ಏನು ಹೇಳುತ್ತೀರಿ? ಶೂ ಸರಿಯಿಲ್ಲ, ವಾರ್ಮ್‌ಅಪ್ ಮಾಡಿಲ್ಲ, ಹೋಗಿ ಐಸ್ ಇಡು. ಹತ್ತರಲ್ಲಿ ಒಂಬತ್ತು ಸಲ ನೀವು ಹೇಳಿದ್ದೇ ಸರಿ ಇರುತ್ತದೆ. ಆಟದ ಪೆಟ್ಟು ಆಡಿದಾಗ ನೋಯುತ್ತದೆ, ವಿಶ್ರಾಂತಿ ಕೊಟ್ಟರೆ ತಗ್ಗುತ್ತದೆ. ಈ ಕಾಯಿಲೆಯ ನೋವು ತಿರುವುಮುರುವು. ರಜೆಯಲ್ಲಿ ಮನೆಯಲ್ಲಿ ಬಿದ್ದುಕೊಂಡಿದ್ದರೆ ಹೆಚ್ಚು, ಮೈ ಬಿಸಿಯಾದರೆ ಕಡಿಮೆ. ಆ ಒಂದು ವ್ಯತ್ಯಾಸ ಕೇಳಿ ತಿಳಿದರೆ ಸಾಕು. ಇದನ್ನು ವರ್ಷಗಟ್ಟಲೆ ಬಿಟ್ಟರೆ ಸೊಂಟದ ಕೀಲು ಹಾಳಾಗುತ್ತದೆ, ಕೆಲವರಿಗೆ ಬೆನ್ನುಮೂಳೆಯೂ ಬಿಗಿಯುತ್ತದೆ.

ತಡವಾಗುವುದಕ್ಕೆ ನಮ್ಮಲ್ಲಿ ಕಾರಣಗಳಿಗೆ ಬರವಿಲ್ಲ. ಉಳುಕು ಎಂದು ಎಣ್ಣೆ ಹಚ್ಚಿ ನೀವಿಸುತ್ತಾರೆ, ನಾಟಿ ವೈದ್ಯರಲ್ಲಿ ಪಟ್ಟು ಕಟ್ಟಿಸುತ್ತಾರೆ. ಊದಿದ ಕೀಲನ್ನು ವಾರಗಟ್ಟಲೆ ಕಟ್ಟಿಟ್ಟರೆ ಅದು ಮಡಿಸಿದ ಹಾಗೆಯೇ ಕೂರುತ್ತದೆ, ಬಿಡಿಸಲು ನನಗೆ ತಿಂಗಳುಗಳೇ ಬೇಕು. ಜ್ವರ ಬಂದು ಹೋಗಿದ್ದರೆ ಚಿಕುನ್‌ಗುನ್ಯಾ ಎನ್ನುತ್ತಾರೆ. 2006ರ ಆ ಹಾವಳಿಯನ್ನು ಕಂಡವರು ಹಾಗೆ ಅಂದುಕೊಳ್ಳುವುದರಲ್ಲಿ ಆಶ್ಚರ್ಯವಿಲ್ಲ. ಬೆಳೆಯುವ ವಯಸ್ಸಿನ ನೋವು ಎಂಬ ಮಾತಂತೂ ಎಲ್ಲರ ಬಾಯಲ್ಲಿದೆ. ಅಂಥ ನೋವು ಇರುವುದು ನಿಜ. ಅದು ಎರಡೂ ಕಾಲಿಗೆ, ಸಂಜೆ ಅಥವಾ ರಾತ್ರಿ ಬರುತ್ತದೆ, ಒತ್ತಿದರೆ ಹಿತವೆನಿಸುತ್ತದೆ, ಬೆಳಿಗ್ಗೆ ಮಗು ಏನೂ ಆಗದವರಂತೆ ಓಡುತ್ತದೆ. ಕುಂಟು ಮತ್ತು ಊತ ಅದರಲ್ಲಿ ಇರುವುದಿಲ್ಲ.

ಡಾಕ್ಟರುಗಳ ಕಡೆಯಿಂದಲೂ ಒಂದು ತಡವಿದೆ. ಕೀಲುನೋವಿನ ಮಗುವಿಗೆ ಎಎಸ್‌ಒ ಎಂಬ ರಕ್ತಪರೀಕ್ಷೆ ಮಾಡಿಸುತ್ತಾರೆ. ಹೆಚ್ಚು ಬಂದರೆ ರುಮ್ಯಾಟಿಕ್ ಜ್ವರ ಎಂದು 21 ದಿನಕ್ಕೊಮ್ಮೆ ಪೆನ್ಸಿಲಿನ್ ಸೂಜಿ ಶುರುವಾಗುತ್ತದೆ. ಆ ಪರೀಕ್ಷೆ ಹೇಳುವುದು ಈಚೆಗೆ ಗಂಟಲಿಗೆ ಸ್ಟ್ರೆಪ್ಟೊಕಾಕಸ್ ಸೋಂಕು ಬಂದುಹೋಗಿದೆ ಎಂದಷ್ಟೇ. ಶಾಲೆಗೆ ಹೋಗುವ ಮಕ್ಕಳಲ್ಲಿ ಅದು ಧಾರಾಳ. ರುಮ್ಯಾಟಿಕ್ ಜ್ವರದ ನೋವು ಒಂದು ಕೀಲಿನಿಂದ ಇನ್ನೊಂದಕ್ಕೆ ಹಾರುತ್ತದೆ, ನೋವಿನ ಮಾತ್ರೆಗೆ ಬೇಗ ಬಗ್ಗುತ್ತದೆ, ಕೆಲವೇ ವಾರಗಳಲ್ಲಿ ಹೋಗುತ್ತದೆ. ಅದು ಕೆಡಿಸುವುದು ಹೃದಯವನ್ನು. ಒಂದೇ ಮಂಡಿ ಮೂರು ತಿಂಗಳಿಂದ ಊದಿಕೊಂಡಿದ್ದರೆ ಲೆಕ್ಕ ಬೇರೆ. ಈ ಮಾತನ್ನು ಓದಿ ಯಾರೂ ಮಗುವಿನ ಪೆನ್ಸಿಲಿನ್ ನಿಲ್ಲಿಸಬೇಡಿ, ಹೃದಯದ ಕವಾಟ ಕೆಟ್ಟ ಮಕ್ಕಳಿಗೆ ಅದು ಜೀವ ಕಾಯುವ ಸೂಜಿ. ಮತ್ತೊಮ್ಮೆ ತೋರಿಸಿ ಎಂದಷ್ಟೇ ಹೇಳಿ. ಆರ್‌ಎ ಫ್ಯಾಕ್ಟರ್ ಎಂಬ ರಕ್ತಪರೀಕ್ಷೆ ನೆಗೆಟಿವ್ ಬಂದಿದೆ, ಸಂಧಿವಾತ ಇಲ್ಲ ಎನ್ನುವುದೂ ಅಷ್ಟೇ ದುರ್ಬಲ ವಾದ. ಮಕ್ಕಳ ಸಂಧಿವಾತದಲ್ಲಿ ಬಹುಪಾಲು ಮಕ್ಕಳಿಗೆ ಅದು ನೆಗೆಟಿವ್ವೇ. ಕೀಲನ್ನು ಕೈಯಿಂದ ಮುಟ್ಟಿ ನೋಡುವುದಕ್ಕೆ ಪರ್ಯಾಯ ರಕ್ತಪರೀಕ್ಷೆ ಇಲ್ಲ.

ಕಾಯಬಾರದ ಸಂದರ್ಭಗಳೂ ಇವೆ. ಜೋರು ಜ್ವರದ ಜೊತೆ ಒಂದು ಕೀಲು ಊದಿ, ಕಾಲು ಊರಲೇ ಆಗದಿದ್ದರೆ ಅದೇ ದಿನ ಆಸ್ಪತ್ರೆ, ಕೀಲಿನಲ್ಲಿ ಕೀವು ತುಂಬಿರಬಹುದು. ರಾತ್ರಿ ನಿದ್ದೆಗೆಡಿಸುವ ಮೂಳೆನೋವು, ಮುಖ ಬಿಳಿಚುವುದು, ಪೆಟ್ಟಾಗದೆ ಮೈಮೇಲೆ ನೀಲಿ ಕಲೆ ಕಂಡರೂ ತಡ ಮಾಡುವಂತಿಲ್ಲ. ರಕ್ತದ ಕ್ಯಾನ್ಸರ್ ಕೆಲವು ಸಲ ಕೀಲುನೋವಿನ ವೇಷದಲ್ಲಿ ಬರುತ್ತದೆ.

ಈಗ ನಿಮ್ಮ ಕಸುಬಿಗೆ ಬರುತ್ತೇನೆ. ಬ್ರಿಟನ್ನಿನ ನ್ಯೂಕಾಸಲ್‌ನಲ್ಲಿ ಹೆಲೆನ್ ಫಾಸ್ಟರ್ ಎಂಬ ಮಕ್ಕಳ ತಜ್ಞೆ ಮತ್ತು ಅವರ ತಂಡ 2006ರಲ್ಲಿ ಪಿಗ್ಯಾಲ್ಸ್ ಎಂಬ ಪರೀಕ್ಷೆಯೊಂದನ್ನು ಪ್ರಕಟಿಸಿದರು. ಒಂದು ಮಗುವಿಗೆ ಎರಡು ನಿಮಿಷ. ಅದರಲ್ಲಿ ಏನಿದೆ ಎಂದು ಓದಿದಾಗ ನನಗೆ ನಗು ಬಂತು, ಇದನ್ನು ನಮ್ಮ ಡ್ರಿಲ್ ಮೇಷ್ಟ್ರುಗಳು ದಿನಾ ಮಾಡಿಸುತ್ತಾರಲ್ಲ ಎಂದು. ತುದಿಗಾಲಲ್ಲಿ ನಡೆ, ಹಿಮ್ಮಡಿಯಲ್ಲಿ ನಡೆ. ಕೈ ಮುಂದೆ ಚಾಚು, ಮುಷ್ಟಿ ಕಟ್ಟು. ಆಕಾಶ ಮುಟ್ಟು. ಕೈ ಕತ್ತಿನ ಹಿಂದೆ. ಬಗ್ಗಿ ಕಾಲ್ಬೆರಳು ಮುಟ್ಟು. ಅಂಗೈಗೆ ಅಂಗೈ ಸೇರಿಸಿ ಒತ್ತು. ಈ ಕೊನೆಯದು ನಿಮ್ಮ ಪ್ರಾರ್ಥನೆಯ ಭಂಗಿಯೇ. ಮೊಣಕೈ ಅಗಲಿಸಿ, ಅಂಗೈಗಳನ್ನು ಪೂರ್ತಿ ಒತ್ತಿ ಕೈಮುಗಿಯಲು ಹೇಳಿ. ಮಣಿಕಟ್ಟಿನಲ್ಲಿ ಊತವಿರುವ ಮಗುವಿನ ಅಂಗೈಗಳ ನಡುವೆ ಬುಡದಲ್ಲಿ ಸಂದು ಉಳಿಯುತ್ತದೆ, ಅಥವಾ ಮೊಣಕೈ ಒಂದು ಕಡೆ ಕೆಳಗೆ ಜಾರುತ್ತದೆ. ಬಾಯಿ ಅಗಲ ತೆರೆದು ತನ್ನವೇ ಮೂರು ಬೆರಳು ಇಡಲು ಆಗದಿದ್ದರೆ ದವಡೆಯ ಕೀಲು ಹಿಡಿದಿರಬಹುದು. ಇದನ್ನು ಹುಡುಗರು ಬಹಳ ಖುಷಿಯಿಂದ ಮಾಡುತ್ತಾರೆ, ಸಾಲಿನಲ್ಲಿ ಗದ್ದಲ ಎದ್ದರೆ ನನ್ನನ್ನು ಬೈಯಬೇಡಿ. ಜೊತೆಗೆ ಮೂರು ಪ್ರಶ್ನೆ: ಎಲ್ಲಾದರೂ ನೋವು ಅಥವಾ ಬಿಗಿ ಇದೆಯಾ, ಬಟ್ಟೆ ನೀನೇ ಹಾಕಿಕೊಳ್ತೀಯಾ, ಮೆಟ್ಟಿಲು ಹತ್ತಿಳಿಯೋಕೆ ಕಷ್ಟವಾ.

ರೋಗ ಗೊತ್ತುಮಾಡುವುದು ಡಾಕ್ಟರರ ಕೆಲಸ, ಅದನ್ನು ನಿಮ್ಮ ಹೆಗಲಿಗೆ ಹೊರಿಸುತ್ತಿಲ್ಲ. ಬಿಸಿಯೂಟದಿಂದ ಹಿಡಿದು ಧ್ವಜಾರೋಹಣದವರೆಗೆ ಏನೆಲ್ಲ ನಿಮ್ಮ ತಲೆಗೆ ಕಟ್ಟುತ್ತಾರೆ ಎಂಬುದು ಗೊತ್ತಿದೆ. ಎಷ್ಟೋ ಪ್ರಾಥಮಿಕ ಶಾಲೆಗಳಲ್ಲಿ ನಿಮ್ಮ ಹುದ್ದೆಯೇ ಇಲ್ಲ ಎಂಬುದೂ ಗೊತ್ತಿದೆ. ನಾಲ್ಕೈದು ವಾರ ಕಳೆದರೂ ಹೋಗದ ಕುಂಟನ್ನು ಕಂಡರೆ ಮನೆಯವರಿಗೆ ಒಂದು ಮಾತು, ಅಷ್ಟೇ ಕೇಳುತ್ತಿರುವುದು. ಮಕ್ಕಳ ಸಂಧಿವಾತದ (ರುಮಟಾಲಜಿ) ತಜ್ಞರು ರಾಜ್ಯದಲ್ಲಿ ಬೆರಳೆಣಿಕೆಯಷ್ಟು, ಅವರೂ ಹೆಚ್ಚಾಗಿ ಬೆಂಗಳೂರಿನಲ್ಲಿ. ಮೊದಲು ಜಿಲ್ಲಾಸ್ಪತ್ರೆಯ ಮಕ್ಕಳ ವಿಭಾಗಕ್ಕೆ ಕಳಿಸಿ, ದಾರಿ ಅಲ್ಲಿಂದ ಶುರುವಾಗಲಿ. ಅಲ್ಲಿ ಕಣ್ಣಿನ ಪರೀಕ್ಷೆಯನ್ನೂ ಕೇಳಲು ಹೇಳಿ. ಈ ಕಾಯಿಲೆಯಲ್ಲಿ ಕೆಲವು ಮಕ್ಕಳಿಗೆ, ಅದರಲ್ಲೂ ಸಣ್ಣ ಹುಡುಗಿಯರಿಗೆ, ಕಣ್ಣಿನೊಳಗೆ ಉರಿಯೂತ ಸದ್ದಿಲ್ಲದೆ ನಡೆಯುತ್ತದೆ. ಕೆಂಪಿಲ್ಲ, ನೋವಿಲ್ಲ. ದೃಷ್ಟಿ ಕುಂದಿದ ಮೇಲೆ ಗೊತ್ತಾದರೆ ತಡ. ಸ್ಲಿಟ್ ಲ್ಯಾಂಪ್ ಎಂಬ ಯಂತ್ರದಲ್ಲಿ ನೋಡಿದರಷ್ಟೇ ಮೊದಲೇ ಸಿಗುತ್ತದೆ.

ಚಿಕಿತ್ಸೆ ಶುರುವಾದ ಮಗು ನಿಮ್ಮ ಮೈದಾನಕ್ಕೆ ಮರಳಿ ಬಂದಾಗ ದಯವಿಟ್ಟು ಮರದ ಕೆಳಗೆ ಕೂರಿಸಬೇಡಿ. ಹಿಂದಿನ ಕಾಲದಲ್ಲಿ ಹಾಸಿಗೆ ವಿಶ್ರಾಂತಿ ಎನ್ನುತ್ತಿದ್ದರು, ಆ ಕಾಲ ಹೋಯಿತು. ಆಟದಿಂದ ಈ ಕಾಯಿಲೆ ಹೆಚ್ಚುವುದಿಲ್ಲ, ಆಡದೆ ಕೂತರೆ ಸ್ನಾಯು ಕರಗುತ್ತದೆ. ಕೀಲು ಊದಿರುವ ದಿನಗಳಲ್ಲಿ ಜಿಗಿತ, ಕಬಡ್ಡಿಯ ಎಳೆದಾಟ ಬೇಡ. ಉಳಿದಂತೆ ಎಷ್ಟು ಆಡಬೇಕು ಎಂದು ಮಗುವೇ ಹೇಳಲಿ, ಇಂದು ಬೇಡ ಎಂದರೆ ಕಾರಣ ಕೇಳದೆ ಒಪ್ಪಿ. ಹಲವರಿಗೆ ಮೆಥೋಟ್ರೆಕ್ಸೇಟ್ ಎಂಬ ಮಾತ್ರೆ ಅಥವಾ ಸೂಜಿ ಇರುತ್ತದೆ, ವಾರಕ್ಕೆ ಒಂದೇ ಸಲ. ಭಾನುವಾರ ತೆಗೆದುಕೊಳ್ಳುವ ಮಗುವಿಗೆ ಸೋಮವಾರ ಬೆಳಿಗ್ಗೆ ವಾಕರಿಕೆ ಬರಬಹುದು. ಪ್ರತಿ ಸೋಮವಾರದ ಗೈರುಹಾಜರಿಗೆ ಕಾರಣ ಅದೂ ಆಗಿರಬಹುದು ಎಂದು ತರಗತಿ ಶಿಕ್ಷಕರಿಗೆ ಹೇಳಿಡಿ. ಇಂಥ ಔಷಧಿಗಳು ನಿರೋಧಕ ಶಕ್ತಿಯನ್ನು ತಗ್ಗಿಸುವುದರಿಂದ ಶಾಲೆಯಲ್ಲಿ ಯಾರಿಗಾದರೂ ಸೀತಾಳೆ ಸಿಡುಬು ಬಂದರೆ ಈ ಮಗುವಿನ ಮನೆಗೆ ಅದೇ ದಿನ ಫೋನ್ ಮಾಡಿ. 2017ರಲ್ಲಿ ನಡೆದ ದಡಾರ ರುಬೆಲ್ಲಾ ಅಭಿಯಾನದಂತೆ ಶಾಲೆಯಲ್ಲೇ ಲಸಿಕೆ ಹಾಕುವ ದಿನ ಬಂದರೆ, ಈ ಮಗುವನ್ನು ಸಾಲಿಗೆ ನಿಲ್ಲಿಸುವ ಮೊದಲು ಮನೆಯವರು ಅದರ ಡಾಕ್ಟರನ್ನು ಕೇಳಲಿ.

ಕೊನೆಯದಾಗಿ ಒಂದು ಸರ್ಕಾರಿ ವಿಷಯ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಬಂತು. ವರ್ಷಕ್ಕೊಮ್ಮೆ ವಾಹನದಲ್ಲಿ ಆರೋಗ್ಯ ತಂಡ ನಿಮ್ಮ ಶಾಲೆಗೆ ಬರುತ್ತದಲ್ಲ, ಅದೇ. ಅವರ ರಾಷ್ಟ್ರೀಯ ಪಟ್ಟಿಯಲ್ಲಿ ಮೂವತ್ತರಷ್ಟು ತೊಂದರೆಗಳಿವೆ. ರುಮ್ಯಾಟಿಕ್ ಹೃದ್ರೋಗ ಇದೆ, ಹಲ್ಲು ಹುಳುಕು ಇದೆ, ಕಿವಿ ಸೋರುವುದು ಇದೆ. ಮಕ್ಕಳ ಸಂಧಿವಾತ ಇಲ್ಲ. ಸೇರಿಸಿ ಎಂದು ಕೇಳುವುದು ನಮ್ಮಂಥವರ ಕೆಲಸ, ಅದನ್ನು ಕೇಳುತ್ತಲೇ ಇರುತ್ತೇವೆ. ಅಲ್ಲಿಯವರೆಗೆ ಅವರ ನಮೂನೆಯಲ್ಲಿ ಇಲ್ಲದ್ದನ್ನು ನೀವು ಬಾಯಿಂದ ಹೇಳಬೇಕಾಗುತ್ತದೆ. ತಂಡ ಬರುವ ದಿನ ಮೊದಲೇ ತಿಳಿದಿರುತ್ತದೆ. ಕುಂಟುವ, ಕುಕ್ಕರಗಾಲಲ್ಲಿ ಕೂರಲಾಗದ, ಮುಷ್ಟಿ ಕಟ್ಟಲಾಗದ ಮಕ್ಕಳ ಹೆಸರನ್ನು ಒಂದು ಚೀಟಿಯಲ್ಲಿ ಬರೆದಿಟ್ಟು ಅವರ ಕೈಗೆ ಕೊಡಿ. ಆ ಮಕ್ಕಳನ್ನು ಬೆಳಿಗ್ಗೆ ಪ್ರಾರ್ಥನೆ ಮುಗಿದ ಕೂಡಲೇ ನೋಡಲು ಹೇಳಿ. ಬಿಸಿಯೂಟ ಆದ ಮೇಲೆ ನೋಡಿದರೆ ಅವರು ನೆಟ್ಟಗೆ ನಡೆದು ಬಂದು ನಿಮ್ಮ ಮಾತನ್ನೇ ಸುಳ್ಳು ಮಾಡುತ್ತಾರೆ.

ವಿಶ್ವಾಸದಿಂದ,
ನಿಮ್ಮ ಜಿಲ್ಲೆಯ ಒಬ್ಬ ಫಿಸಿಯೋಥೆರಪಿಸ್ಟ್